ತಾಯಿ ಕಾರ್ಡನ್ನು ಎಸೆಯಬೇಡ

ಮಗಳೇ,

ಆಶಾ ಕಾರ್ಯಕರ್ತೆ ಮನೆಗೇ ಬಂದು ನಿನ್ನ ಹೆಸರು ಬರೆದುಕೊಂಡು ಹೋದರು, ಬಸುರಿಯರ ಲೆಕ್ಕ ಬರೆಯುವ ತಾಯಿ ಕಾರ್ಡ್ ಕೈಗೆ ಬಂತು ಅಂತ ನಿನ್ನಮ್ಮ ಫೋನ್ ಮಾಡಿದಾಗ ನಾನು ಹಿತ್ತಿಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಸಂತೋಷಕ್ಕೆ ಒಂದು ಗಳಿಗೆ ಮಾತೇ ಹೊರಡಲಿಲ್ಲ. ಆಮೇಲೆ ನಾನು ಆಡಿದ ಮೊದಲ ಮಾತು, "ಹೆರಿಗೆ ಆದಮೇಲೂ ಆ ಕಾರ್ಡನ್ನು ಎಸೆಯಬೇಡ ಅಂತ ಅವಳಿಗೆ ಹೇಳು" ಅಂತ. ನಿನ್ನಮ್ಮನಿಗೆ ಅದು ವಿಚಿತ್ರವಾಗಿ ಕೇಳಿಸಿರಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವಳು. ಔಷಧಿಯ ವಿಷಯದಲ್ಲಿ ನಿನ್ನ ಡಾಕ್ಟರ ಮಾತೇ ಕೊನೆಯ ಮಾತು. ಆದರೆ ಹೆಣ್ಣಿನ ಮೈ ತನ್ನ ಹೃದಯದ ಸುದ್ದಿಯನ್ನು ಎಷ್ಟೋ ವರ್ಷ ಮೊದಲೇ ಹೇಳಲು ಶುರುಮಾಡುತ್ತದೆ, ನಾವು ಅದನ್ನು "ಹೆಂಗಸರ ತೊಂದರೆ" ಅಂತ ಮಡಿಸಿ ಮೂಲೆಗಿಡುತ್ತೇವೆ. ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ನನ್ನ ತಂಗಿಯಿಂದ ಕಲಿತೆ.

ನಿನ್ನ ಚಿಕ್ಕಜ್ಜಿಯನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೆ, ನೆನಪಿದೆಯೋ ಇಲ್ಲವೋ. 1979ರಲ್ಲಿ ಅವಳು ಚೊಚ್ಚಲ ಬಸುರಿ. ಏಳು ತುಂಬುವ ಹೊತ್ತಿಗೆ ಕಾಲು ಊದಿಕೊಂಡಿತು, ಕೈಬಳೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಬಿಪಿ ಏರಿತು. ಬಸಿರಿನಲ್ಲಿ ಹೀಗೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವುದನ್ನು ಡಾಕ್ಟರು ಪ್ರೀಎಕ್ಲಾಂಪ್ಸಿಯಾ ಅನ್ನುತ್ತಾರೆ, ಹಳಬರು ನಂಜು ಅನ್ನುತ್ತಿದ್ದರು. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರು. ತಾಯಿ ಮಗು ಇಬ್ಬರೂ ಉಳಿದರು. ತಿಂಗಳೊಳಗೆ ಬಿಪಿ ಇಳಿಯಿತು, ಮನೆಯವರೆಲ್ಲ ದೇವರಿಗೆ ಹಣ್ಣುಕಾಯಿ ಮಾಡಿಸಿ ಅಲ್ಲಿಗೆ ಆ ಮಾತು ಮರೆತರು.

2008ರಲ್ಲಿ, ಅವಳಿಗೆ ಐವತ್ತಮೂರಾಗಿದ್ದಾಗ, ಒಂದು ಬೆಳಗಿನ ಜಾವ ಎರಡು ಹೆಗಲ ನಡುವೆ ನೋವು ಅಂತ ಎದ್ದು ಕೂತಳು. ಹೊಟ್ಟೆ ತೊಳಸುತ್ತಿತ್ತು, ಕುತ್ತಿಗೆಯ ಹತ್ತಿರ ರವಿಕೆ ಬೆವರಿಗೆ ಒದ್ದೆಯಾಗಿತ್ತು. ಓಮ ಬೇಯಿಸಿ ಕಷಾಯ ಕೊಟ್ಟರು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ತೆಗೆದದ್ದು ಸಂಜೆ ಐದಕ್ಕೆ. ಮೂರನೆಯ ದಿನ ಹೋದಳು.

ತಿಥಿ ಕಳೆದ ಮೇಲೆ ಅವಳ ಟ್ರಂಕು ತೆಗೆದಾಗ ಧಾರೆ ಸೀರೆಯ ಮಡಿಕೆಯಲ್ಲಿ ಒಂದು ಹಳದಿ ರಟ್ಟಿನ ಚೀಟಿ ಸಿಕ್ಕಿತು. ಬಸುರಿಯಾಗಿದ್ದಾಗ ಆಸ್ಪತ್ರೆಯವರು ಕೊಟ್ಟದ್ದು. ಮಡಿಕೆಯ ಹತ್ತಿರ ಹರಿದಿತ್ತು, ನೀಲಿ ಇಂಕು ಅಲ್ಲಲ್ಲಿ ಹಬ್ಬಿತ್ತು, ಆದರೂ ಅಂಕಿ ಓದಬಹುದಿತ್ತು: 160/110. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಇಪ್ಪತ್ತೊಂಬತ್ತು ವರ್ಷ ಆ ಚೀಟಿಯನ್ನು ಅವಳು ಮಗುವಿನ ನೆನಪಿಗೆ ಇಟ್ಟುಕೊಂಡಿದ್ದಳು. ಅದು ಅವಳದೇ ಹೃದಯದ ಚೀಟಿ ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಬಸಿರಿನಲ್ಲಿ ಪ್ರೀಎಕ್ಲಾಂಪ್ಸಿಯಾ ಆದವಳಿಗೆ ಮುಂದೆ ಹೃದಯದ ಕಾಯಿಲೆ, ಲಕ್ವ ಬರುವ ಸಂಭವ ಆಗದವಳಿಗಿಂತ ಸುಮಾರು ಎರಡರಷ್ಟು. ಅಮೆರಿಕದ ಹೃದಯ ಸಂಘ 2011ರಲ್ಲಿ ಹೆಂಗಸರಿಗಾಗಿ ಮಾಡಿದ ಮಾರ್ಗಸೂಚಿಯಲ್ಲಿ ಇದನ್ನೂ, ಬಸಿರಿನ ಸಕ್ಕರೆಯನ್ನೂ ಹೃದಯಕ್ಕೆ ಅಪಾಯ ತರುವ ಕಾರಣಗಳ ಪಟ್ಟಿಗೆ ಸೇರಿಸಿತು. ಇಂಥವರು ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿಕೊಂಡು, ಏರಿದಾಗ ಮಾತ್ರೆ ನುಂಗಿದರೆ ಅಪಾಯ ಇಳಿಯುತ್ತದೆ. ನನ್ನ ತಂಗಿ ನಡುವೆ ಒಮ್ಮೆಯೂ ನೋಡಿಸಲಿಲ್ಲ. ಅವಳಿಗೆ ಏನೂ ಆಗುತ್ತಿರಲಿಲ್ಲವಲ್ಲ, ಬಿಪಿ ನೋವು ಕೊಡುವುದಿಲ್ಲ.

ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ, ಕಂದ. ನಿನ್ನ ಬಿಪಿ ಚೆನ್ನಾಗಿದೆ ಅಂತ ಕೇಳಿದೆ, ಹಾಗೇ ಇರಲಿ. ಬಸಿರು ಅಂದರೆ ಮೈಗೆ ಒಡ್ಡುವ ಪರೀಕ್ಷೆ ಅನ್ನುವುದನ್ನು ಮಾತ್ರ ತಿಳಿದುಕೋ. ಒಂಬತ್ತು ತಿಂಗಳಲ್ಲಿ ಹೃದಯ ನಿಮಿಷಕ್ಕೆ ತಳ್ಳುವ ರಕ್ತ ಮೂರನೇ ಒಂದು ಭಾಗಕ್ಕೂ ಮೇಲೆ ಹೆಚ್ಚುತ್ತದೆ. ಮಗುವಿನ ಜೊತೆ ಬೆಳೆಯುವ ಮಾಸು ತನ್ನದೇ ಹಾರ್ಮೋನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ತಾಯಿಯ ಇನ್ಸುಲಿನ್ನಿನ ಕೈಯನ್ನು ಸ್ವಲ್ಪ ಕಟ್ಟುತ್ತವೆ, ಸಕ್ಕರೆ ತಾಯಿಯ ಸ್ನಾಯುವಿಗೆ ಹೋಗುವ ಬದಲು ರಕ್ತದಲ್ಲಿ ಉಳಿದು ಮಗುವಿಗೆ ಸಿಗಲಿ ಅಂತ. ಹೆಚ್ಚಿನ ತಾಯಂದಿರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಎಲ್ಲಿ ಶಕ್ತಿ ಸಾಲದೋ ಅಲ್ಲಿ ಸಕ್ಕರೆ ಕಾಣಿಸಿಕೊಳ್ಳುತ್ತದೆ. ಹೆರಿಗೆ ಆಗಿ ಮಾಸು ಹೊರಬಿದ್ದ ಮರುದಿನವೇ ಸಕ್ಕರೆ ಇಳಿಯಬಹುದು. ಆದರೆ ಶಕ್ತಿ ಸಾಲದು ಅನ್ನುವ ಸುದ್ದಿ ಸುಳ್ಳಾಗುವುದಿಲ್ಲ.

ಬಸಿರಿನ ಹೊತ್ತಿನಲ್ಲಿ ಬರೆದ ಲೆಕ್ಕ ತಾಯಿಗೂ ಮಗುವಿಗೂ ಮುಂದಿನದನ್ನು ಹೇಳುತ್ತದೆ ಅನ್ನುವುದಕ್ಕೆ ದೂರದ ಸಾಕ್ಷಿ ಬೇಡ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆಯಲ್ಲ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವುದು, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ರಿಜಿಸ್ಟರುಗಳು ಉಳಿದಿದ್ದವು. ಯಾರೋ ದಾದಿಯರು ರಾತ್ರಿ ಪಾಳಿಯಲ್ಲಿ ದೀಪದ ಬುಡದಲ್ಲಿ ಕೂತು ಬರೆದದ್ದು. ಅರ್ಧ ಶತಮಾನದ ಮೇಲೆ ಸಂಶೋಧಕರು ಆ ಹೆಸರುಗಳನ್ನು ಹಿಡಿದು ಬೀದಿ ಬೀದಿ ಹುಡುಕಿ, 1934 ಮತ್ತು 1954ರ ನಡುವೆ ಹುಟ್ಟಿ ಇನ್ನೂ ಅದೇ ಸುತ್ತಿನಲ್ಲಿದ್ದ 517 ಮಂದಿಯನ್ನು ಪರೀಕ್ಷಿಸಿದರು. ತೂಕ ಕಡಿಮೆಯಿದ್ದು ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. ಬಸುರಿಯಾಗಿದ್ದಾಗ ಸೊರಗಿದ್ದ ತಾಯಂದಿರ ಮಕ್ಕಳಲ್ಲಿ ಇನ್ನೂ ಹೆಚ್ಚು. 1996ರಲ್ಲಿ ಇದು ಅಚ್ಚಾದಾಗ ನಾನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದೆ. ಹಳೆಯ ರಿಜಿಸ್ಟರನ್ನು ರದ್ದಿಗೆ ಹಾಕದೆ ಇಟ್ಟ ಆ ಗುಮಾಸ್ತರು ಯಾರೋ, ಅವರಿಗೆ ನನ್ನ ನಮಸ್ಕಾರ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಸಕ್ಕರೆಯನ್ನು ಅಳೆದು, ಐದು ವರ್ಷದ ಮೇಲೆ ಅವರನ್ನೇ ಮತ್ತೆ ಕರೆದು ನೋಡಿದರು. ಬಸಿರಿನಲ್ಲಿ ಸಕ್ಕರೆ ಇಲ್ಲದಿದ್ದವರಲ್ಲಿ ನೂರಕ್ಕೆ 2 ಜನರಿಗೆ ಮಧುಮೇಹ ಬಂದಿತ್ತು. ಸಕ್ಕರೆ ಇದ್ದವರಲ್ಲಿ ನೂರಕ್ಕೆ 37. ಐದೇ ವರ್ಷದಲ್ಲಿ! ಅವರ ಮಕ್ಕಳನ್ನೂ ಬಿಡದೆ ಅಳೆಯುತ್ತ ಬಂದರು. ಸಕ್ಕರೆಯಿದ್ದ ತಾಯಿಯ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು, ರಕ್ತದಲ್ಲಿ ಇನ್ಸುಲಿನ್ನೂ ಹೆಚ್ಚಿತ್ತು. ತಾಯಿಯ ಕಾರ್ಡಿನಲ್ಲಿ ಬರೆದದ್ದು ಮಗಳ ಮೈಯಲ್ಲೂ ಓದಬಹುದಿತ್ತು.

ಬಸಿರಿನಲ್ಲಿ ಸಕ್ಕರೆ ಕಂಡವರು ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದು ಮತ್ತೆ ಪರೀಕ್ಷೆ ಮಾಡಿಸಬೇಕು. ಆ ವಾರಗಳು ನಮ್ಮಲ್ಲಿ ಯಾವ ವಾರಗಳು? ತವರಿನ ಬಾಣಂತನದ ವಾರಗಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಗಿಲು ಭದ್ರ. ಗಾಳಿ ಸೋಕಬಾರದು, ಮೆಟ್ಟಿಲಿಳಿಯಬಾರದು. ಬೆಳಿಗ್ಗೆ ಎರಡು ಅಂಟಿನುಂಡೆ, ಊಟಕ್ಕೆ ಬಿಸಿ ಅನ್ನ, ಮೆಣಸಿನ ಸಾರು, ಮೇಲೆ ಮೂರು ಚಮಚ ತುಪ್ಪ. ಬಾಣಂತನವನ್ನು ನಾನು ಹಳಿಯುವುದಿಲ್ಲ. ಹೆತ್ತವಳಿಗೆ ನಿದ್ದೆ, ಎಣ್ಣೆನೀರು, ಇನ್ನೊಬ್ಬರ ಕೈಯ ಅಡುಗೆ ಸಿಗುವುದು ಈ ಲೋಕದಲ್ಲಿ ಅದೊಂದೇ ಸಲ. ಆದರೆ ಪರೀಕ್ಷೆಯ ದಿನ ಆ ಬಾಗಿಲು ತೆಗೆಯಲೇಬೇಕು. ಮಗುವಿಗೆ ಲಸಿಕೆ ಹಾಕಿಸಲು ಹೇಗೂ ಆರನೇ ವಾರಕ್ಕೆ ಹೋಗುತ್ತೀವಲ್ಲ, ಅದೇ ಆಟೋದಲ್ಲಿ ತಾಯಿಯನ್ನೂ ಲ್ಯಾಬಿಗೆ ಕರೆದುಕೊಂಡು ಹೋದರಾಯಿತು. ಇನ್ನು ಹಾಲೂಡಿಸುವುದು ಮಗುವಿಗೆ ಮಾತ್ರ ಒಳ್ಳೆಯದು ಅಂದುಕೊಳ್ಳಬೇಡ, ಹಾಲೂಡಿಸಿದ ತಾಯಂದಿರಲ್ಲಿ ಮುಂದೆ ಮಧುಮೇಹ ಕಡಿಮೆ.

ಈಗ ಹೊಟ್ಟೆಯ ಮಾತು. ನನಗೆ ತುಂಬ ಇಷ್ಟದ ಪಾಠ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೋ.

ನಮ್ಮ ಕೊಟ್ಟಿಗೆಯ ಗೌರಿ ಹಸು ಮಧ್ಯಾಹ್ನ ಮೆಲುಕು ಹಾಕುತ್ತ ಮಲಗಿರುತ್ತಿದ್ದುದನ್ನು ನೀನು ಬೇಸಿಗೆ ರಜೆಯಲ್ಲಿ ನೋಡುತ್ತ ಕೂರುತ್ತಿದ್ದೆ. ಹಸುವಿಗೆ ಹುಲ್ಲನ್ನು ಕರಗಿಸುವ ಶಕ್ತಿ ಇಲ್ಲ. ಅದರ ಹೊಟ್ಟೆಯ ಮೊದಲ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ, ಹುಲ್ಲಿನ ನಾರನ್ನು ಹುಳಿಸಿ ಸಣ್ಣ ಸಣ್ಣ ಆಮ್ಲಗಳನ್ನಾಗಿ ಮಾಡುವುದು ಅವು. ಹಸು ಬದುಕುವುದು ಆ ಆಮ್ಲಗಳ ಮೇಲೆ. ನಮಗೆ ಅಂಥ ಚೀಲ ಇಲ್ಲ, ಆದರೆ ದೊಡ್ಡ ಕರುಳಿದೆ. ಅಲ್ಲಿ ನಡೆಯುವುದೂ ಅದೇ ಕೆಲಸ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳ ಹೆಚ್ಚು ಪಾಲು ದೊಡ್ಡ ಕರುಳಿನಲ್ಲಿದೆ. ನಾವು ಜೀರ್ಣಿಸಲಾಗದ ನಾರು ಅಲ್ಲಿಗೆ ತಲುಪಿದರೆ ಅವು ಅದನ್ನು ತಿಂದು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನುವ ಆಮ್ಲಗಳನ್ನು ಕೊಡುತ್ತವೆ. ಬೆಣ್ಣೆ ಹಳಸಿದಾಗ ಮೂಗಿಗೆ ಅಡರುವ ಕಮಟು ವಾಸನೆ ಇದೆಯಲ್ಲ, ಅದೇ ಬ್ಯುಟಿರಿಕ್ ಆಮ್ಲ. ಮೂಗಿಗೆ ಕೆಟ್ಟದಾದ ಅದೇ ವಸ್ತು ಕರುಳಿನ ಒಳಪದರದ ಜೀವಕೋಶಗಳಿಗೆ ಅನ್ನ. ಅದು ಸಿಕ್ಕಷ್ಟು ದಿನ ಕರುಳಿನ ಗೋಡೆ ಗಟ್ಟಿಯಾಗಿರುತ್ತದೆ. ಈ ಆಮ್ಲಗಳು ತಗುಲಿದಾಗ ಕರುಳಿನ ಕೆಲವು ಕೋಶಗಳು ಜಿಎಲ್‌ಪಿ-1 ಅನ್ನುವ ಹಾರ್ಮೋನನ್ನು ಬಿಡುತ್ತವೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವುದು, ಇನ್ಸುಲಿನ್ ಹೊರಡಿಸುವುದು ಅದರ ಕೆಲಸ. ಇವತ್ತು ಜನ ಸಾವಿರಾರು ರೂಪಾಯಿ ಕೊಟ್ಟು ತೂಕ ಇಳಿಸಲು ಚುಚ್ಚಿಸಿಕೊಳ್ಳುತ್ತಿರುವ ಔಷಧಿ ಆ ಹಾರ್ಮೋನಿನ ಅನುಕರಣೆ. ಔಷಧಿಯ ಬಲ ನಾರಿಗಿಲ್ಲ, ನಿಜ. ಆದರೆ ನಾರು ದಿನವೂ ತಟ್ಟೆಯಲ್ಲೇ ಇರಬಹುದು.

ಬಸಿರಿನಲ್ಲಿ ಈ ಜೀವಿಬಳಗವೂ ಬದಲಾಗುತ್ತದೆ. ಫಿನ್ಲೆಂಡಿನ 91 ಬಸುರಿಯರ ಮಲವನ್ನು ಮೊದಲ ಮೂರು ತಿಂಗಳಲ್ಲೂ ಕೊನೆಯ ಮೂರು ತಿಂಗಳಲ್ಲೂ ತೆಗೆದು ಪರೀಕ್ಷಿಸಿದ ಕೆಲಸವೊಂದು 2012ರಲ್ಲಿ ಪ್ರಕಟವಾಯಿತು. ಎರಡೂ ಒಂದೇ ಥರ ಇರಲಿಲ್ಲ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಅವನ್ನು ಕೊಟ್ಟಾಗ, ಕೊನೆಯ ತಿಂಗಳುಗಳ ಬ್ಯಾಕ್ಟೀರಿಯಾ ಪಡೆದ ಇಲಿಗಳಿಗೆ ಹೆಚ್ಚು ಕೊಬ್ಬು ಬಂತು, ಇನ್ಸುಲಿನ್ನಿಗೆ ಅವು ಅಷ್ಟಾಗಿ ಮಣಿಯಲಿಲ್ಲ. ತಾಯಿ ಮಗುವಿಗಾಗಿ ಕೂಡಿಡುವುದರಲ್ಲಿ ಕರುಳಿನ ಜೀವಿಗಳದೂ ಒಂದು ಕೈ ಇದೆ ಅಂತಾಯಿತು. ಹಾರ್ಮೋನು ಅವನ್ನು ಬದಲಿಸುತ್ತದೆ, ಅವು ತಿರುಗಿ ಹಾರ್ಮೋನನ್ನು ಬದಲಿಸುತ್ತವೆ. ಈಸ್ಟ್ರೋಜನ್ ತನ್ನ ಕೆಲಸ ಮುಗಿಸಿದ ಮೇಲೆ ಪಿತ್ತಜನಕಾಂಗ ಅದಕ್ಕೊಂದು ತುಣುಕು ಅಂಟಿಸಿ, ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ, ಹೊರಗೆ ಹೋಗಲಿ ಅಂತ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳ ಬಳಿ ಆ ತುಣುಕನ್ನು ಬಿಡಿಸುವ ಕಿಣ್ವ ಇದೆ. ಬಿಡಿಸಿದರೆ ಈಸ್ಟ್ರೋಜನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಅಂದರೆ ಮೈಯಲ್ಲಿ ಎಷ್ಟು ಹಾರ್ಮೋನು ಉಳಿಯಬೇಕು ಅನ್ನುವುದರಲ್ಲಿ ಅಂಡಾಶಯದ ಜೊತೆ ಕರುಳಿನ ಮಾತೂ ನಡೆಯುತ್ತದೆ.

ಈ ಸುದ್ದಿ ಹಿಡಿದು ವ್ಯಾಪಾರ ಮಾಡುವವರು ನಿನ್ನ ಫೋನಿನ ತುಂಬ ಇದ್ದಾರೆ. ಮಲದ ಸ್ಯಾಂಪಲ್ ಕಳಿಸಿ, ಹಾರ್ಮೋನ್ ಸರಿಮಾಡುವ ಪುಡಿ ಕೊಡುತ್ತೇವೆ ಅನ್ನುವವರು. ಅವರಿಗೆ ದುಡ್ಡು ಹಾಕಬೇಡ. ಇಂಥ ಬ್ಯಾಕ್ಟೀರಿಯಾ ಇದೆ, ಆದ್ದರಿಂದ ನಿನ್ನ ಹೃದಯಕ್ಕೆ ಹೀಗಾಗುತ್ತದೆ ಅಂತ ಒಬ್ಬಳಿಗೆ ಹೇಳುವ ಮಟ್ಟಕ್ಕೆ ವಿಜ್ಞಾನ ಇನ್ನೂ ಬಂದಿಲ್ಲ. ಮನೆಯ ಮೊಸರು ಒಳ್ಳೆಯದು, ದಿನಾ ತಿನ್ನು. ಆದರೆ ಹೆಪ್ಪಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ಬಿಡಾರ ಹೂಡುವುದಿಲ್ಲ, ಬಂದ ನೆಂಟರ ಹಾಗೆ ನಾಲ್ಕು ದಿನ ಇದ್ದು ಹೋಗುತ್ತವೆ. ಒಳಗೆ ಈಗಾಗಲೇ ಮನೆಮಾಡಿಕೊಂಡಿರುವ ಬಳಗಕ್ಕೆ ಮೇವು ಹಾಕುವುದು ಮುಖ್ಯ.

ಮೇವು ಎಲ್ಲಿದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರದ ಪಟ್ಟಿ ನೋಡು: ನೂರು ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ನಮ್ಮ ಅತ್ತೆಯ ಕಾಲಕ್ಕೆ ಎರಡು ಹೊತ್ತು ಮುದ್ದೆ ಇತ್ತು. ನಾವು ನಾಲ್ಕು ಕಾಸು ಕಂಡಮೇಲೆ ಬಿಳಿ ಅನ್ನಕ್ಕೆ ಬಂದೆವು, ಅದನ್ನೇ ದೊಡ್ಡಸ್ತಿಕೆ ಅಂದುಕೊಂಡೆವು. ಬಸುರಿ ನೀನು, ಮುದ್ದೆ ಗಂಟಲಲ್ಲಿ ಇಳಿಯದಿದ್ದರೆ ಅಂಬಲಿ ಮಾಡಿಕೋ. ಸಿಪ್ಪೆ ಸಮೇತ ಹೆಸರುಕಾಳು, ಅಲಸಂದೆ, ಹುರುಳಿ, ದಂಟಿನ ಸೊಪ್ಪು ಇರಲಿ.

ಇನ್ನೊಂದು ಮಾತು, ನಾನು ಎಷ್ಟೋ ಮನೆಯಲ್ಲಿ ಕಂಡದ್ದು. ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವ ಹೆಂಗಸಿನ ತಟ್ಟೆ ನೋಡಿದ್ದೀಯಾ? ಪಾತ್ರೆಯಲ್ಲಿ ಅನ್ನ ಮಿಕ್ಕಿರುತ್ತದೆ, ಸಾರಿನ ತಿಳಿ ಮಿಕ್ಕಿರುತ್ತದೆ. ಕಾಳು, ಪಲ್ಯ ಮೊದಲ ಪಂಕ್ತಿಗೇ ಮುಗಿದಿರುತ್ತದೆ. ಮೂವತ್ತು ನಲವತ್ತು ವರ್ಷ ಅದೇ ಊಟ. ಆಮೇಲೆ, ಅವಳು ತಿನ್ನುವುದೇ ಇಷ್ಟು, ಸಕ್ಕರೆ ಕಾಯಿಲೆ ಹೇಗೆ ಬಂತೋ ಅನ್ನುತ್ತಾರೆ. ನೀನು ನಿನ್ನ ಗಂಡನ ಜೊತೆಯಲ್ಲೇ ಕೂತು ಉಣ್ಣು. ಅತ್ತೆ ಏನಾದರೂ ಅಂದರೆ ಡಾಕ್ಟರು ಹೇಳಿದ್ದಾರೆ ಅನ್ನು. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬಸಿರಿನಲ್ಲಿ ಎಷ್ಟು ನಡೆಯಬಹುದು ಅಂತ ಮಾತ್ರ ಡಾಕ್ಟರನ್ನು ಕೇಳಿಕೋ.

ನಿನಗೆ ಹತ್ತೊಂಬತ್ತಕ್ಕೆ ಅಂಡಾಶಯದ ತೊಂದರೆ, ಪಿಸಿಒಡಿ ಅಂತ ಹೇಳಿದಾಗ ನಿನ್ನಮ್ಮ ಮದುವೆಯ ಚಿಂತೆ ಮಾಡಿದಳು, ಮಕ್ಕಳಾಗುತ್ತದೋ ಇಲ್ಲವೋ ಅಂತ ಅತ್ತಳು. ದೇವರ ದಯೆ, ಆ ಚಿಂತೆ ತೀರಿತು. ಆದರೆ ಪಿಸಿಒಡಿ ತೀರಿತು ಅಂದುಕೊಳ್ಳಬೇಡ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಅದು ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನು ಹೆಚ್ಚು ಹೊರಡಿಸುತ್ತದೆ. ಆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಪಿತ್ತಜನಕಾಂಗ ಮಾಡುವುದನ್ನೂ ಕಡಿಮೆ ಮಾಡಿಸುತ್ತದೆ. ಗಲ್ಲದ ಮೇಲಿನ ಕೂದಲು, ತಪ್ಪಿದ ಮುಟ್ಟು ನಮ್ಮ ಕಣ್ಣಿಗೆ ಕಂಡದ್ದು. ಇನ್ಸುಲಿನ್ ಒಳಗಿದ್ದದ್ದು. ಬಸಿರಿನ ಸಕ್ಕರೆ, ಮುಂದಿನ ಮಧುಮೇಹ, ಬಿಪಿ ಎಲ್ಲಕ್ಕೂ ಅದು ಹಾದಿ. ನಿನ್ನ ಸ್ತ್ರೀರೋಗ ತಜ್ಞೆಗೆ ಈ ಹಳೆಯ ವಿಷಯ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ನಾಳೆಯೇ ಹೇಳು.

ನಿನ್ನ ಚಿಕ್ಕಮ್ಮನ ಮಗಳು ಮೊನ್ನೆ ಬಂದಿದ್ದಳು, ಹದಿನೇಳು ತುಂಬಿಲ್ಲ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ಮಖಮಲ್ಲಿನ ಹಾಗೆ ದಪ್ಪವಾಗಿದೆ. ಅವಳಮ್ಮ ಕೊಳೆ ಅಂತ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜುತ್ತಾಳಂತೆ. ಮಗು ಅವಮಾನಕ್ಕೆ ದುಪ್ಪಟ್ಟ ಸುತ್ತಿಕೊಂಡೇ ಕೂತಿತ್ತು. ಅದು ಕೊಳೆಯಲ್ಲ, ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದರ ಗುರುತು. ಉಜ್ಜಿದರೆ ಗಾಯವಾಗುತ್ತದೆ ಅಷ್ಟೇ. ನಾನು ಹೇಳಿದ್ದೇನೆ, ನೀನೂ ಅಕ್ಕನಾಗಿ ಒಂದು ಮಾತು ಹೇಳು, ನಿನ್ನ ಮಾತು ಅವಳು ಕೇಳುತ್ತಾಳೆ. ಹಾಗೇ ಇನ್ನೊಂದನ್ನೂ ಹೇಳು: ಮನೆಯಲ್ಲಿ ಪೂಜೆ, ಗೃಹಪ್ರವೇಶ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವುದು ಬೇಡ. ಅದೂ ಹಾರ್ಮೋನೇ. ಅದರ ಒಂದಂಶ ಮೈಯಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಕೆಲವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ತರುತ್ತದೆ. ಮುಟ್ಟಾದ ಹುಡುಗಿ ಮನೆಯಲ್ಲಿದ್ದರೆ ನನ್ನ ದೇವರು ಯಾವತ್ತೂ ಮುನಿಸಿಕೊಂಡಿಲ್ಲ.

ಈಗ ನನ್ನ ಮಾತು. ಇದನ್ನು ನಿನ್ನಮ್ಮನ ಹತ್ತಿರವೂ ಪೂರ್ತಿ ಹೇಳಿಲ್ಲ.

ನನಗೆ ಮೂವತ್ತೊಂಬತ್ತಾಗಿದ್ದಾಗ ಮುಟ್ಟಿನ ಸ್ರಾವ ವಿಪರೀತವಾಯಿತು. ಗಡ್ಡೆ ಇದೆ ಅಂದರು. ಮಕ್ಕಳು ಇನ್ನು ಬೇಡವಲ್ಲ, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದುಬಿಡೋಣ, ಮುಂದೆ ತಾಪತ್ರಯವೇ ಇರುವುದಿಲ್ಲ ಅಂದರು. ನಾನು ಪ್ರಾಣಿಶಾಸ್ತ್ರದ ಅಧ್ಯಾಪಕಿ! ಅಂಡಾಶಯ ಏನು ಮಾಡುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದವಳು. ಹಾಳೆಗೆ ಸಹಿ ಹಾಕಿದೆ. ಅಂಡಾಶಯಗಳು ಚೆನ್ನಾಗಿಯೇ ಇದ್ದವು ಅಂತ ಆಮೇಲೆ ಬಂದ ವರದಿಯಲ್ಲಿತ್ತು.

ಈಸ್ಟ್ರೋಜನ್ ಬರೀ ಬಸಿರಿನ ಹಾರ್ಮೋನಲ್ಲ. ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಹೊರಡಿಸಿ ನಾಳವನ್ನು ಸಡಿಲವಾಗಿ ಇಡುವುದು ಅದು. ಕೆಟ್ಟ ಕೊಲೆಸ್ಟರಾಲ್ ಅನ್ನುತ್ತೀವಲ್ಲ, ಎಲ್‌ಡಿಎಲ್, ಅದನ್ನು ರಕ್ತದಿಂದ ಎತ್ತಿಕೊಳ್ಳುವಂತೆ ಪಿತ್ತಜನಕಾಂಗಕ್ಕೆ ಹೇಳುವುದೂ ಅದೇ. ಕೊಬ್ಬನ್ನು ತೊಡೆ ಸೊಂಟದಲ್ಲಿ ಇಟ್ಟು, ಹೊಟ್ಟೆಯೊಳಗೆ ಸೇರದಂತೆ ನೋಡಿಕೊಳ್ಳುತ್ತದೆ. ಅದು ಹೋದಾಗ ಇಷ್ಟೂ ಒಟ್ಟಿಗೆ ತಿರುಗುತ್ತವೆ. ನನ್ನ ಸೀರೆಯ ನೆರಿಗೆ ಎರಡು ವರ್ಷದಲ್ಲಿ ಎರಡು ಕಡಿಮೆಯಾಯಿತು, ತೂಕ ಅಷ್ಟೇನೂ ಏರಿರಲಿಲ್ಲ, ಎಲ್ಲ ಹೊಟ್ಟೆಗೇ ಬಂದಿತ್ತು. ನಲವತ್ತನಾಲ್ಕಕ್ಕೆ ಬಿಪಿ ಮಾತ್ರೆ ಶುರು. ಮುಟ್ಟು ತಾನಾಗಿ ನಿಂತವರಲ್ಲೂ ಇದೇ ಆಗುತ್ತದೆ, ಮೆಲ್ಲಗೆ. ಅಮೆರಿಕದಲ್ಲಿ 1996ರಿಂದ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ನಡುವಯಸ್ಸಿನುದ್ದಕ್ಕೂ ಹಿಂಬಾಲಿಸಿದ ಸ್ವಾನ್ ಅಧ್ಯಯನದಲ್ಲಿ, ಕೊನೆಯ ಮುಟ್ಟಿನ ಹಿಂದುಮುಂದಿನ ಒಂದು ವರ್ಷದಲ್ಲಿ ಎಲ್‌ಡಿಎಲ್ ಥಟ್ಟನೆ ಏರಿದ್ದು ಕಂಡಿತು. ಬಿಳಿಯರು, ಕರಿಯರು, ಚೀನೀಯರು, ಜಪಾನೀಯರು ಅನ್ನದೆ ಎಲ್ಲರಲ್ಲೂ. ಕರುಳಿನ ಬಳಗವೂ ಆಗ ಬದಲಾಗುತ್ತದೆ. ಮುಟ್ಟು ನಿಂತವರ ಕರುಳಿನ ಸೂಕ್ಷ್ಮಜೀವಿಗಳು ಗಂಡಸರವನ್ನು ಹೆಚ್ಚು ಹೋಲುತ್ತವೆ ಅಂತ ಅಮೆರಿಕದ ಲ್ಯಾಟಿನೋ ಜನರ ನಡುವೆ ಮಾಡಿದ ಅಧ್ಯಯನವೊಂದು 2022ರಲ್ಲಿ ಹೇಳಿತು. ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ಕ್ಕೆ, ಅಲ್ಲಿಯವರಿಗಿಂತ ನಾಲ್ಕೈದು ವರ್ಷ ಮೊದಲೇ. ನಿನ್ನಮ್ಮ ಈಗ ಆ ವಯಸ್ಸನ್ನು ದಾಟಿದ್ದಾಳೆ. ಅವಳ ಕೊಲೆಸ್ಟರಾಲ್ ಯಾವಾಗ ನೋಡಿಸಿದ್ದು ಕೇಳು. ಒಂದು ಟೇಪು ತೆಗೆದುಕೊಂಡು ಹೊಕ್ಕುಳ ಮಟ್ಟದಲ್ಲಿ ಸುತ್ತಳತೆಯನ್ನೂ ನೋಡು, ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಹಿಸಬೇಕು.

ಹಾಗಾದರೆ ಹಾರ್ಮೋನ್ ಮಾತ್ರೆ ನುಂಗಿದರಾಯಿತಲ್ಲ ಅಂತ ನೀನು ಕೇಳಬಹುದು, ನಾನೂ ಕೇಳಿದ್ದೆ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ಅದನ್ನೇ ಪರೀಕ್ಷಿಸಿದರು. ಹೃದಯ ಉಳಿಯುತ್ತದೆ ಅಂತ ಕೊಟ್ಟರೆ ಹೃದಯಾಘಾತ, ಲಕ್ವ, ಸ್ತನ ಕ್ಯಾನ್ಸರ್ ಹೆಚ್ಚಾದವು, 2002ರ ಜುಲೈಯಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63, ಎಷ್ಟೋ ವರ್ಷ ಹಾರ್ಮೋನಿಲ್ಲದೆ ಗಡುಸಾಗಿದ್ದ ನಾಳಗಳು ಅವರವು. ನನ್ನ ಹಾಗೆ ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ಕಳೆದುಕೊಂಡವರ ಮಾತು ಬೇರೆ. ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡುವುದು ಈಗಿನ ಪದ್ಧತಿ. ನನಗೆ ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೇ ಹೇಳುತ್ತೇನೆ, ನಿನ್ನ ಬಳಗದಲ್ಲಿ ಯಾರಿಗಾದರೂ ಗರ್ಭಕೋಶ ತೆಗೆಸಬೇಕು ಅಂದರೆ ಇನ್ನೊಬ್ಬ ಡಾಕ್ಟರ ಹತ್ತಿರವೂ ತೋರಿಸಲಿ, ಅಂಡಾಶಯ ಯಾಕೆ ತೆಗೆಯುತ್ತೀರಿ ಅಂತ ಬಾಯಿಬಿಟ್ಟು ಕೇಳಲಿ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರಕಾರವೇ 2022ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಗಿ ಬಂತು ಅಂದರೆ ಎಷ್ಟು ಹೆಂಗಸರು ನನ್ನ ಹಾಗೆ ಸುಮ್ಮನೆ ಸಹಿ ಹಾಕಿರಬೇಡ.

ಇನ್ನು ಗ್ಯಾಸ್ಟ್ರಿಕ್. ಈ ಪದ ನಮ್ಮ ಮನೆಯಲ್ಲಿ ಒಂದು ಜೀವ ತೆಗೆದಿದೆ. ಹೆಂಗಸರಿಗೂ ಹೃದಯಾಘಾತದಲ್ಲಿ ಎದೆನೋವೇ ಮುಖ್ಯ ಗುರುತು. ಆದರೆ ಅದರ ಜೊತೆ, ಕೆಲವೊಮ್ಮೆ ಅದರ ಬದಲಿಗೆ, ಉಸಿರು ಕಟ್ಟುವುದು, ಹೊಟ್ಟೆ ತೊಳಸುವುದು, ದವಡೆ, ಬೆನ್ನು, ಹೆಗಲು ನೋಯುವುದು, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಕೈಕಾಲು ಸೋಲುವುದು ಗಂಡಸರಿಗಿಂತ ಹೆಚ್ಚು ಕಾಣುತ್ತದೆ. ಹೀಗಾದಾಗ ಕಷಾಯ ಆಮೇಲೆ, ಇಸಿಜಿ ಮೊದಲು. ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನನ್ನ ತಂಗಿಯ ಕಾಲಕ್ಕೆ ಅದಿರಲಿಲ್ಲ. ಇದ್ದಿದ್ದರೂ ಸಂಜೆ ಐದಕ್ಕೆ ಹೋದವಳಿಗೆ ಎಷ್ಟು ಕೆಲಸಕ್ಕೆ ಬರುತ್ತಿತ್ತೋ. ಆಸ್ಪತ್ರೆಯಲ್ಲಿ ಡಾಕ್ಟರು ಬಿಪಿ ಇದೆಯಾ, ಸಕ್ಕರೆ ಇದೆಯಾ ಅಂತ ಕೇಳುತ್ತಾರೆ. ಬಸಿರಿನಲ್ಲಿ ಏನಾಗಿತ್ತು, ಮುಟ್ಟು ಯಾವಾಗ ನಿಂತಿತು ಅಂತ ಕೇಳುವವರು ಕಡಿಮೆ. ಕೇಳದಿದ್ದರೂ ನೀನೇ ಹೇಳಬೇಕು. ಹೇಳಲು ಕಾರ್ಡು ಕೈಯಲ್ಲಿರಬೇಕು.

ನಿನಗಾಗಿ ಒಂದು ನೀಲಿ ಪ್ಲಾಸ್ಟಿಕ್ ಫೈಲು ತಂದಿದ್ದೇನೆ. ಹತ್ತೊಂಬತ್ತರ ಸ್ಕ್ಯಾನು, ಥೈರಾಯ್ಡ್ ವರದಿ, ಈ ತಾಯಿ ಕಾರ್ಡು, ಬಿಪಿ ಚೀಟಿ ಎಲ್ಲ ಅದರೊಳಗೆ. ಮೊದಲ ಜೇಬಿನಲ್ಲಿ ನಿನ್ನ ಚಿಕ್ಕಜ್ಜಿಯ ಹಳದಿ ಚೀಟಿಯ ಜೆರಾಕ್ಸ್ ಇಟ್ಟಿದ್ದೇನೆ, ಹಿಂದೆ ನನ್ನ ಆಪರೇಷನ್ನಿನ ವರದಿಯೂ ಇದೆ. ನಿನ್ನ ರಕ್ತದ ಹೆಂಗಸರು ನಾವು, ನಮ್ಮ ಲೆಕ್ಕ ನಿನ್ನ ಡಾಕ್ಟರಿಗೆ ಬೇಕಾಗುತ್ತದೆ.

ಬಾಣಂತನಕ್ಕೆ ಇಲ್ಲಿಗೇ ಬಾ. ಅಂಟಿನುಂಡೆ ಮಾಡುತ್ತೇನೆ, ಸಣ್ಣದು, ದಿನಕ್ಕೊಂದೇ. ರಾಗಿ ಹುರಿದು ಬೀಸಿ ಇಟ್ಟಾಗಿದೆ. ಬಸಿರಿನಲ್ಲಿ ಸಕ್ಕರೆ ಕಂಡಿರಲಿ, ಕಾಣದಿರಲಿ, ಪಿಸಿಒಡಿ ಇದ್ದವಳು ನೀನು, ಆರನೇ ವಾರ ಮಗುವಿನ ಲಸಿಕೆಯ ದಿನ ಡಾಕ್ಟರನ್ನು ಕೇಳಿ ನಿನ್ನ ಪರೀಕ್ಷೆಯನ್ನೂ ಮುಗಿಸಿಕೊಂಡು ಬರೋಣ. ರಾತ್ರಿ ಊಟವಾದ ಮೇಲೆ ಏನೂ ತಿನ್ನದೆ ಬೆಳಿಗ್ಗೆ ಏಳೂವರೆಗೆ ಲ್ಯಾಬಿನಲ್ಲಿರಬೇಕು. ಮಗುವನ್ನು ನಾನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿರುತ್ತೇನೆ. ಆ ಗ್ಲೂಕೋಸ್ ನೀರು ವಿಪರೀತ ಸಿಹಿ, ಎಷ್ಟೋ ಹುಡುಗಿಯರಿಗೆ ವಾಂತಿಯೇ ಬರುತ್ತದೆ. ಲ್ಯಾಬಿನವರು ಒಪ್ಪಿದರೆ ಒಂದೆರಡು ಹನಿ ಹಿಂಡಿಕೊಳ್ಳಲು ನಿಂಬೆಹಣ್ಣು ನಾನೇ ತರುತ್ತೇನೆ.

ನಿನ್ನ ಅಜ್ಜಿ